ಮನೆಗೆ ನಾಯಿ ಬೇಕಾ? ಜಾತಿ ಮರಿ, ಮುಧೋಳ, ಬೀದಿ ಮರಿ, ಬೆಳೆದ ನಾಯಿ: ನಾವು ತೂಗಿ ನೋಡಿದ ಲೆಕ್ಕ

ನಮ್ಮ ಮನೆಯಲ್ಲಿ ಈ ಮಾತು ಶುರುವಾಗಿದ್ದು ಮಗಳ ಹತ್ತನೇ ಹುಟ್ಟುಹಬ್ಬಕ್ಕೆ. "ಏನು ಬೇಕು ಪುಟ್ಟಾ?" ಅಂದೆ. "ನಾಯಿಮರಿ" ಅಂದಳು. "ಎಲ್ಲಾ ನಾನೇ ನೋಡ್ಕೋತೀನಮ್ಮಾ, ನೀನೇನೂ ಮಾಡೋದು ಬೇಡ." ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳಿರುತ್ತೀರಿ, ಅಲ್ವಾ?

ನಾವು ಯೋಚಿಸಲಿಲ್ಲ. ಒಂದೇ ವಾರದಲ್ಲಿ ಲ್ಯಾಬ್ರಡಾರ್ ಮರಿ ತಂದೆವು. ಒಂಬತ್ತು ಸಾವಿರ ಕೊಟ್ಟಿದ್ದು. "45 ದಿನ ಆಗಿದೆ ಮೇಡಂ, ಇಂಜೆಕ್ಷನ್ ಎಲ್ಲಾ ಆಗಿದೆ" ಅಂತ ಮಾರಿದವರು ಹೇಳಿದರು. ಕಾಗದ ಏನೂ ಕೊಡಲಿಲ್ಲ, ನಾವೂ ಕೇಳಲಿಲ್ಲ. ನಾಲ್ಕನೇ ದಿನ ಮರಿ ವಾಂತಿ ಮಾಡಿತು. ಐದನೇ ದಿನ ರಕ್ತಭೇದಿ. ಪಾರ್ವೋ, ಮರಿಗಳ ಕರುಳಿಗೆ ಬರುವ ವೈರಸ್ ರೋಗ ಅಂದರು ಡಾಕ್ಟರು. ಎರಡು ದಿನ ಡ್ರಿಪ್ ಹಾಕಿಸಿದೆವು. ಏಳನೇ ದಿನ ಬೆಳಿಗ್ಗೆ ಅದು ಇರಲಿಲ್ಲ. ಮಗಳು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಒಂದು ವರ್ಷ ನಾಯಿಯ ಮಾತೇ ಎತ್ತಲಿಲ್ಲ. ಎತ್ತಿದಾಗ ಮಾತ್ರ ಕೂತು ಲೆಕ್ಕ ಹಾಕಿದೆವು. ಈಗ ನಮ್ಮ ಜೊತೆ ಕೆಂಚಿ ಇದ್ದಾಳೆ. ಬಂದಾಗ ಅವಳಿಗೆ ಸುಮಾರು ಮೂರು ವರ್ಷ. ಊರ ನಾಯಿ, ಕೆಂಪು ಮೈ, ಎಡಗಿವಿಯ ತುದಿ ಸ್ವಲ್ಪ ಕತ್ತರಿಸಿದ ಗುರುತು. ಅವಳು ಬರುವ ಮೊದಲು ನಾವು ಏನೇನು ಹೋಲಿಸಿ ನೋಡಿದೆವು, ಯಾವುದನ್ನು ಯಾಕೆ ಬಿಟ್ಟೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಗೆ ಬೇರೆ ಉತ್ತರ ಬರಬಹುದು. ಲೆಕ್ಕ ಹಾಕುವ ಕ್ರಮ ಮಾತ್ರ ಉಪಯೋಗಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ.

ತಳಿಗಿಂತ ಮೊದಲು ಗಡಿಯಾರ

ಎಲ್ಲರೂ ಮೊದಲು ಕೇಳುವುದು "ಯಾವ ನಾಯಿ ತರೋಣ?" ಅಂತ. ನಾವು ಎರಡನೇ ಸಲ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟೆವು. ಒಂದು ಹಾಳೆ ತೆಗೆದುಕೊಂಡು, ಒಂದು ವಾರ ಮನೆಯಲ್ಲಿ ಯಾವ ಹೊತ್ತಿಗೆ ಯಾರಿರುತ್ತಾರೆ ಅಂತ ಬರೆದೆವು. ನಾನು ಸ್ಕೂಲ್ ಟೀಚರ್. 8.30ಕ್ಕೆ ಹೊರಟರೆ 4.30ಕ್ಕೆ ಬರುತ್ತೇನೆ. ನಮ್ಮ ಯಜಮಾನರು ನಂಜನಗೂಡಿನಲ್ಲಿ ಫ್ಯಾಕ್ಟರಿ ಕೆಲಸ, ಶಿಫ್ಟ್ ಬದಲಾಗುತ್ತಲೇ ಇರುತ್ತದೆ. ಮಗಳು, ಮಗ ಇಬ್ಬರೂ ಶಾಲೆಗೆ. ಮನೆಯಲ್ಲಿ ಇರುವವರು ಅತ್ತೆ ಒಬ್ಬರೇ.

ಇಲ್ಲೇ ಬಹಳ ಮನೆಗಳು ಎಡವುತ್ತವೆ. "ಅಜ್ಜಿ ಮನೇಲೇ ಇರ್ತಾರಲ್ಲ" ಅಂತ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಅವರನ್ನು ಕೇಳುವುದೇ ಇಲ್ಲ. ಅತ್ತೆಗೆ 68 ವರ್ಷ, ಮಂಡಿ ನೋವು. ಎರಡು ತಿಂಗಳ ಮರಿಗೆ ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ ಉಚ್ಚೆ ಮಾಡಿಸಬೇಕು. ಒಂದೊಂದು ತಿಂಗಳು ಕಳೆದಂತೆ ಸುಮಾರು ಒಂದೊಂದು ಗಂಟೆ ಜಾಸ್ತಿ ತಡೆಯುತ್ತದೆ ಅಂತ ಒಂದು ಅಂದಾಜು. ಅಂದರೆ ಮೊದಲ ಮೂರು ತಿಂಗಳು ದಿನಕ್ಕೆ ನಾಲ್ಕೈದು ಸಲ ಬಗ್ಗಿ ನೆಲ ಒರೆಸುವವರು ಅತ್ತೆಯೇ. ಮೊದಲ ಮರಿ ಇದ್ದ ಆ ಒಂದು ವಾರ ಅವರು ಅದನ್ನೇ ಮಾಡಿದ್ದರು, ಒಂದು ಮಾತೂ ಆಡದೆ. ನನಗೆ ಅದು ಗೊತ್ತಾಗಿದ್ದು ಆಮೇಲೆ.

ಹಾಗಾಗಿ ಎರಡನೇ ಸಲ ಮೊದಲು ಅವರನ್ನೇ ಕೇಳಿದೆ. "ನೋಡಮ್ಮಾ, ಅಡುಗೆಮನೆಗೆ ಬರಬಾರದು. ದೇವರ ಮನೆಗೆ ಬರಬಾರದು. ನಾನು ಮಡಿಯಲ್ಲಿದ್ದಾಗ ಮೈಮೇಲೆ ಬೀಳಬಾರದು. ಮರಿ ಮಾತ್ರ ಬೇಡ, ನನ್ನ ಕೈಲಾಗಲ್ಲ. ಉಳಿದದ್ದು ನಿಮ್ಮಿಷ್ಟ" ಅಂದರು. ನಾಲ್ಕು ಷರತ್ತು. ನಮ್ಮ ಆಯ್ಕೆಯಲ್ಲಿ ಅರ್ಧ ಅಲ್ಲೇ ತೀರ್ಮಾನ ಆಯಿತು. ಮಡಿ ಮೈಲಿಗೆ ಇರುವ ಮನೆಯಲ್ಲಿ ಇದನ್ನು ನಾಯಿ ಬಂದ ಮೇಲೆ ಮಾತಾಡಿದರೆ ಜಗಳ ಆಗುತ್ತದೆ. ಮೊದಲೇ ಮಾತಾಡಿದರೆ ಬಾಗಿಲಿಗೆ ಒಂದು ಗೇಟು ಹಾಕಿಸಿದರೆ ಸಾಕು. ನಾವು ಅಡುಗೆಮನೆ ಬಾಗಿಲಿಗೆ ಸೊಂಟದೆತ್ತರದ ಮರದ ಗೇಟು ಮಾಡಿಸಿದೆವು.

ಜಾತಿ ನಾಯಿ ಮರಿ

ಜಾತಿ ನಾಯಿಯ ಒಂದು ಲಾಭ ನಿಜವಾದದ್ದು. ಬೆಳೆದ ಮೇಲೆ ಎಷ್ಟು ದೊಡ್ಡದಾಗುತ್ತದೆ, ಸ್ವಭಾವ ಸುಮಾರಾಗಿ ಹೇಗಿರುತ್ತದೆ ಅಂತ ಮೊದಲೇ ಅಂದಾಜು ಸಿಗುತ್ತದೆ. ಲ್ಯಾಬ್ರಡಾರ್ ಮಕ್ಕಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಅದು 30 ಕಿಲೋ ತೂಗುವ ನಾಯಿ. ಪಟ್ಟಿ ಹಿಡಿದ ಅಜ್ಜಿಯನ್ನು ಎಳೆದು ಬೀಳಿಸುವಷ್ಟು ಬಲ ಇರುತ್ತದೆ. ಊಟ ಎಷ್ಟು ಹಾಕಿದರೂ ಬೇಕು ಅನ್ನುತ್ತದೆ, ಬೇಗ ಬೊಜ್ಜು ಬರುತ್ತದೆ, ಸೊಂಟದ ಕೀಲಿನ ತೊಂದರೆ ಆ ತಳಿಯಲ್ಲಿ ಸಾಮಾನ್ಯ. ದಿನಕ್ಕೆ ಒಂದು ಗಂಟೆಯಾದರೂ ಓಡಾಡಿಸಬೇಕು. ಓಡಾಡಿಸದಿದ್ದರೆ ಸೋಫಾ ಹರಿಯುತ್ತದೆ, ಅದರ ತಪ್ಪಲ್ಲ.

ಪಗ್, ಶಿ ತ್ಸು ಚಿಕ್ಕವು, ಫ್ಲ್ಯಾಟಿಗೆ ಸರಿ ಅಂತ ತರುತ್ತಾರೆ. ಪಗ್ಗಿನ ಮೂಗು ಚಪ್ಪಟೆ. ಬೇಸಿಗೆಯಲ್ಲಿ ಉಸಿರಾಟಕ್ಕೆ ಕಷ್ಟ ಪಡುತ್ತದೆ. ನಾಯಿಗಳು ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಮೂಗಿನ ದಾರಿಯೇ ಇಕ್ಕಟ್ಟಾದರೆ ಏನು ಮಾಡುವುದು? ಶಿ ತ್ಸುಗೆ ದಿನಾ ಬಾಚಬೇಕು. ಹಸ್ಕಿಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಸೈಬೀರಿಯಾದ ಹಿಮದಲ್ಲಿ ಬಂಡಿ ಎಳೆಯಲು ಬೆಳೆಸಿದ ನಾಯಿಯನ್ನು ರಾಯಚೂರಿನ ಬಿಸಿಲಿಗೆ ತರಬೇಡಿ. ಬೆಂಗಳೂರಿಗೂ ಬೇಡ.

ತರುವುದೇ ಆದರೆ, ನಾವು ಮಾಡಿದ ತಪ್ಪು ನೀವು ಮಾಡಬೇಡಿ. 2017ರಲ್ಲಿ ಬಂದ ನಾಯಿ ಸಾಕಣೆ ಮತ್ತು ಮಾರಾಟದ ಕೇಂದ್ರ ನಿಯಮದ ಪ್ರಕಾರ ಮರಿ ಹಾಕಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. "45 ದಿನದ ಮರಿ" ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಯಮ ಮುರಿದಂತಾಯಿತು. ಇದು ನಮಗೆ ಆಗ ಗೊತ್ತಿದ್ದರೆ ಆ ಮನೆ ಬಾಗಿಲಿನಿಂದಲೇ ವಾಪಸ್ ಬರುತ್ತಿದ್ದೆವು. ತಾಯಿ ನಾಯಿಯನ್ನು ತೋರಿಸಿ ಅಂತ ಕೇಳಿ. ಅದು ಇರುವ ಜಾಗ ನೋಡಿ. ತೋರಿಸಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಲಸಿಕೆ ಕಾರ್ಡಿನಲ್ಲಿ ಬಾಟಲಿಯ ಸ್ಟಿಕ್ಕರ್, ಡಾಕ್ಟರ ಸಹಿ, ದಿನಾಂಕ ಮೂರೂ ಇರಬೇಕು.

ಲಸಿಕೆ ಹಾಕಿಸಿದ ತಕ್ಷಣ ಮರಿ ಸುರಕ್ಷಿತ ಅಂತಲೂ ಅಲ್ಲ. ಆರರಿಂದ ಎಂಟು ವಾರಕ್ಕೆ ಮೊದಲ ಡೋಸ್, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಮತ್ತೆ ಮತ್ತೆ ಹಾಕಿಸಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಯಾವ ವಾರ ಇಳಿಯುತ್ತದೆ ಅಂತ ಒಂದೊಂದು ಮರಿಗೆ ಒಂದೊಂದು ಥರ. ಅದಕ್ಕೇ ಅಷ್ಟು ಸಲ ಹಾಕಿಸುವುದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ಬೂಸ್ಟರ್, ಮತ್ತೆ ವರ್ಷ ವರ್ಷ.

ದೊಡ್ಡ ಕಾವಲು ನಾಯಿ ಬೇಕು ಅನ್ನುವವರಿಗೆ ಒಂದು ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳನ್ನು ತಡೆಯಲು ಸುತ್ತೋಲೆ ಹೊರಡಿಸಿತ್ತು. ನಮ್ಮ ಹೈಕೋರ್ಟ್ ಮುಂದಿನ ತಿಂಗಳೇ ಅದನ್ನು ರದ್ದು ಮಾಡಿತು. ಕಾನೂನು ಬಿಟ್ಟಿದೆ ಅಂದ ಮಾತ್ರಕ್ಕೆ ಮೊದಲ ಸಲ ನಾಯಿ ಸಾಕುವ, ಚಿಕ್ಕ ಮಕ್ಕಳಿರುವ ಮನೆಗೆ ಅವು ಹೊಂದುತ್ತವೆ ಅಂತಲ್ಲ. ಅಂಥ ನಾಯಿಗೆ ಅನುಭವಿ ಕೈ ಬೇಕು.

ಮುಧೋಳ ನಾಯಿ

ನಮ್ಮ ಯಜಮಾನರಿಗೆ ಇದೇ ಬೇಕಿತ್ತು. ಅವರ ಊರು ಬಾಗಲಕೋಟೆ ಕಡೆ. ಹೆಮ್ಮೆ ಪಡಬೇಕಾದ ನಾಯಿಯೇ. ಮುಧೋಳದ ಘೋರ್ಪಡೆ ಅರಸರು ಈ ತಳಿಯನ್ನು ಜತನ ಮಾಡಿ ಬೆಳೆಸಿದರು, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೂ ಒಂದು ಜೋಡಿ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟ್ಯಾಂಪ್ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ನಿಜವಾದ ಮುಧೋಳ ಮರಿ ಬೇಕಾದವರು ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಬೇಟೆ ನಾಯಿಯ ಮೇಲಿನ ಪ್ರೀತಿ ನಮ್ಮಲ್ಲಿ ಇವತ್ತಿನದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ವೀರಗಲ್ಲು ಸುಮಾರು ಕ್ರಿ.ಶ. 950ರದ್ದು. ಮಣಲೇರ ಅನ್ನುವ ಯೋಧ ತನ್ನ ಶೌರ್ಯಕ್ಕೆ ಬಹುಮಾನವಾಗಿ ಕಾಳಿ ಅನ್ನುವ ನಾಯಿಯನ್ನೇ ಕೇಳಿ ಪಡೆದಿದ್ದ. ಅದು ಹಂದಿಯ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ನಾಯಿ ಹಂದಿಯ ಮೇಲೆ ಬಿದ್ದಿರುವ ಚಿತ್ರವೇ ಅದರಲ್ಲಿ ಕೆತ್ತಿದೆ.

ಆದರೆ ಆ ಹೆಮ್ಮೆಯೇ ಇಲ್ಲಿ ಅಡ್ಡ ಬರುತ್ತದೆ. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಕಾಲು ತಾನಾಗಿ ಓಡುತ್ತದೆ. ಮೈಸೂರಿನ ನಮ್ಮ ಬಾಡಿಗೆ ಮನೆಗೆ ಹತ್ತಡಿ ಅಂಗಳ, ಕಾಂಪೌಂಡು ಎದೆಮಟ್ಟ. ಪಕ್ಕದ ಮನೆಯಲ್ಲಿ ಮೂರು ಬೆಕ್ಕು. ಗೇಟು ಒಂದು ಸಲ ತೆರೆದಿದ್ದರೆ ಸಾಕು, ಅದು ರಿಂಗ್ ರೋಡಿನಲ್ಲಿರುತ್ತದೆ. ಹೊಲ, ತೋಟ, ಸುತ್ತ ಬೇಲಿ ಇರುವವರಿಗೆ ಇದಕ್ಕಿಂತ ಒಳ್ಳೆಯ ನಾಯಿ ಇಲ್ಲ. ಮೈ ಹಗುರ, ಕೂದಲು ಗಿಡ್ಡ, ಬಿಸಿಲು ತಡೆಯುತ್ತದೆ. ಕಟ್ಟಿಹಾಕಿ ಸಾಕುವವರಿಗೆ ಮಾತ್ರ ಬೇಡವೇ ಬೇಡ. ಯಜಮಾನರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು, ಆಮೇಲೆ ಒಪ್ಪಿದರು.

ಬೀದಿಯ ಮರಿ

ದೀಪಾವಳಿಯಿಂದ ಸಂಕ್ರಾಂತಿವರೆಗೆ ಬೀದಿಗಳಲ್ಲಿ ಮರಿಗಳು ಜಾಸ್ತಿ ಕಾಣುತ್ತವೆ. ಮಕ್ಕಳು ಎತ್ತಿಕೊಂಡು ಮನೆಗೆ ಬರುವುದೂ ಆಗಲೇ. ದುಡ್ಡು ಕೊಡಬೇಕಿಲ್ಲ, ನಮ್ಮ ಹವೆಗೆ ಒಗ್ಗಿದ ಮೈ, 15ರಿಂದ 20 ಕಿಲೋಗೆ ನಿಲ್ಲುವ ಗಾತ್ರ, ಚುರುಕು ಬುದ್ಧಿ. ಹನ್ನೆರಡು ಹದಿನೈದು ವರ್ಷ ಬದುಕುತ್ತವೆ. ನನಗೆ ಕೇಳಿದರೆ, ಮರಿಯೇ ಬೇಕು ಮತ್ತು ಮನೆಯಲ್ಲಿ ಹಗಲೆಲ್ಲಾ ಗಟ್ಟಿಮುಟ್ಟಾದ ದೊಡ್ಡವರೊಬ್ಬರು ಇರುತ್ತಾರೆ ಅಂದರೆ ಇದೇ ಸರಿ.

ಆದರೂ ಮರಿ ಮರಿಯೇ. ತಾಯಿಯಿಂದ ಎಂಟು ವಾರಕ್ಕೆ ಮೊದಲು ಬೇರೆ ಮಾಡಬೇಡಿ. ಒಡಹುಟ್ಟಿದವುಗಳ ಜೊತೆ ಕಚ್ಚಾಡಿಕೊಂಡೇ ಎಷ್ಟು ಜೋರಾಗಿ ಕಚ್ಚಬಾರದು ಅಂತ ಅದು ಕಲಿಯುವುದು. ಬೇಗ ತಂದರೆ ಆ ಪಾಠ ನಿಮ್ಮ ಮಗುವಿನ ಕೈಮೇಲೆ ನಡೆಯುತ್ತದೆ. ಪಾರ್ವೋ, ಡಿಸ್ಟೆಂಪರ್ (ಅದೂ ಒಂದು ವೈರಸ್ ರೋಗ) ಎರಡರ ಭಯವೂ ಇಲ್ಲಿ ಹೆಚ್ಚು. ಹೆಣ್ಣು ಮರಿಯನ್ನು ಯಾರೂ ಒಯ್ಯುವುದಿಲ್ಲ, "ಮರಿ ಹಾಕುತ್ತೆ" ಅಂತ. ಒಂದು ಆಪರೇಷನ್ನಿನ ಮಾತು ಅಷ್ಟೇ. ಹೆಣ್ಣನ್ನೇ ತನ್ನಿ.

ನಮಗೆ ಇದು ಆಗದಿರಲು ಇನ್ನೊಂದು ಕಾರಣ ಇತ್ತು. ಪಾರ್ವೋ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಾಮೂಲಿ ಫಿನಾಯಿಲ್‌ಗೆ ಅದು ಸಾಯುವುದಿಲ್ಲ, ಬ್ಲೀಚಿಂಗ್ ಬೇಕು. ಅಂಗಳದ ಮಣ್ಣನ್ನು ಬ್ಲೀಚ್ ಮಾಡುವುದು ಹೇಗೆ? "ಈ ಅಂಗಳಕ್ಕೆ ಲಸಿಕೆ ಮುಗಿಯದ ಮರಿ ಬರೋದು ಬೇಡ. ಲಸಿಕೆ ಆದ ದೊಡ್ಡ ನಾಯಿಗೆ ಅಷ್ಟು ಭಯ ಇಲ್ಲ" ಅಂದಿದ್ದರು ಡಾಕ್ಟರು. ಆ ಮಾತೇ ನಮ್ಮನ್ನು ಮುಂದಿನ ದಾರಿಗೆ ಕರೆದುಕೊಂಡು ಹೋಗಿದ್ದು.

ಬೆಳೆದ ನಾಯಿ

ಬೆಳೆದ ನಾಯಿ ಮನೆಗೆ ಹೊಂದಿಕೊಳ್ಳುವುದಿಲ್ಲ, ಮರಿಯಿಂದ ಸಾಕಿದರೆ ಮಾತ್ರ ನಂಬಿಕೆ ಅಂತ ನಾನೂ ನಂಬಿದ್ದೆ. ಅದು ತಪ್ಪು. ಹಗಲಲ್ಲಿ ಎಲ್ಲರೂ ಕೆಲಸ, ಶಾಲೆ ಅಂತ ಹೋಗುವ ಮನೆಗೆ ಎರಡರಿಂದ ಐದು ವರ್ಷದ ನಾಯಿಯಷ್ಟು ಸರಿಹೊಂದುವುದು ಬೇರೆ ಇಲ್ಲ. ಇದನ್ನು ಯಾರೂ ಹೇಳುವುದಿಲ್ಲವಲ್ಲ ಅನ್ನುವುದೇ ನಾನು ಇಷ್ಟು ಉದ್ದ ಬರೆಯಲು ಕಾರಣ.

ಯಾಕೆ ಅಂದರೆ, ಕಾಣದೇ ಇರುವುದು ಕಡಿಮೆ. ಎಷ್ಟು ದೊಡ್ಡದು ಅಂತ ಕಣ್ಣೆದುರೇ ಇದೆ. ಸ್ವಭಾವ ಗೊತ್ತು. ಮಕ್ಕಳನ್ನು ಕಂಡರೆ ಬಾಲ ಆಡಿಸುತ್ತದೋ ಹಿಂದೆ ಸರಿಯುತ್ತದೋ ಅಂತ ಅಲ್ಲೇ ನೋಡಬಹುದು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹೊರಗೆ ಕರೆದೊಯ್ದರೆ ನಡುವೆ ಆರೇಳು ಗಂಟೆ ತಡೆಯುತ್ತದೆ. ಲಸಿಕೆ, ಆಪರೇಷನ್ ಬಹಳ ಸಲ ಆಗಿಯೇ ಇರುತ್ತದೆ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಅಂತ ಗುರುತು. ಕೆಂಚಿಯ ಕಿವಿ ನೋಡಿ ಮಗ "ಯಾರಮ್ಮಾ ಇವಳ ಕಿವಿ ಕಚ್ಚಿದ್ದು?" ಅಂತ ಅತ್ತಿದ್ದ.

ಕೆಂಚಿ ನಾಯಿಗಳನ್ನು ಕಾಪಾಡುವ ಒಂದು ಆಶ್ರಯದಲ್ಲಿದ್ದಳು. ಮೂರು ಭಾನುವಾರ ಹೋದೆವು. ಮೊದಲ ಭಾನುವಾರ ಸುಮ್ನೆ ಕೂತೆವು, ಮುಟ್ಟಲಿಲ್ಲ. ಎರಡನೇ ಸಲ ಮಗಳು ಪಟ್ಟಿ ಹಿಡಿದು ನಡೆಸಿದಳು. ಮೂರನೇ ಸಲ ಅತ್ತೆಯೂ ಬಂದರು. ಅವಳು ಅತ್ತೆಯ ಕಾಲ ಬಳಿ ಹೋಗಿ ಮಲಗಿದಳು. ಅತ್ತೆ ಸೀರೆ ಎತ್ತಿ ಹಿಡಿದುಕೊಂಡರು, ಆದರೆ ಓಡಿಸಲಿಲ್ಲ.

ನೋಡಲು ಹೋದಾಗ ನಾವು ಕೇಳಿದ್ದು ಇವು. ಇವಳು ಇಲ್ಲಿಗೆ ಯಾಕೆ ಬಂದಳು? ಯಾರನ್ನಾದರೂ ಕಚ್ಚಿದ್ದಾಳಾ, ಯಾವ ಸಂದರ್ಭದಲ್ಲಿ? ಊಟದ ತಟ್ಟೆಯ ಹತ್ತಿರ ಯಾರಾದರೂ ಬಂದರೆ ಗುರ್ ಅನ್ನುತ್ತಾಳಾ? ಒಂಟಿಯಾಗಿ ಬಿಟ್ಟರೆ ಏನು ಮಾಡುತ್ತಾಳೆ? ಏನನ್ನು ಕಂಡರೆ ಹೆದರುತ್ತಾಳೆ? ನೇರವಾಗಿ ಉತ್ತರ ಕೊಟ್ಟರು. "ಪೊರಕೆ ಕಂಡರೆ ಹೆದರ್ತಾಳೆ, ಗಂಡಸರು ಜೋರಾಗಿ ಮಾತಾಡಿದರೆ ಮೂಲೆ ಸೇರ್ತಾಳೆ" ಅಂದರು. ಸರಿಹೋಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಅಂತಲೂ ಕೇಳಿ. ಒಂದು ತಿಂಗಳು ತಾತ್ಕಾಲಿಕವಾಗಿ ಇಟ್ಟುಕೊಂಡು ನೋಡಲು ಬಿಡುವವರೂ ಇದ್ದಾರೆ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳು ದತ್ತು ಕೊಡುತ್ತವೆ. ಬೇರೆ ಊರುಗಳಲ್ಲಿ ಪಶು ಆಸ್ಪತ್ರೆಯಲ್ಲಿ ಕೇಳಿದರೆ ನಾಯಿ ಕಾಪಾಡುವವರು ಯಾರು ಅಂತ ಹೇಳುತ್ತಾರೆ.

ನಿಮ್ಮ ಬೀದಿಯ ನಾಯಿಯನ್ನೇ ಮನೆಗೆ ಸೇರಿಸುವ ಯೋಚನೆ ಇದ್ದರೆ ಅದೂ ಆಗುತ್ತದೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಬೀದಿ ನಾಯಿ ದತ್ತು ಪಡೆಯುವವರು ಪಾಲಿಕೆಗೆ ಅರ್ಜಿ ಹಾಕಬಹುದು, ಆದರೆ ಅದು ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳುವುದು ಅವರ ಹೊಣೆ ಅಂತ ಹೇಳಿದೆ. ಹಗಲು ಬೀದಿ, ರಾತ್ರಿ ಜಗುಲಿ ಅನ್ನುವ ಅರೆಬರೆ ಸಾಕಣೆಯನ್ನು ದತ್ತು ಅಂತ ಕರೆಯಲು ಆಗುವುದಿಲ್ಲ.

ಕಷ್ಟಗಳನ್ನೂ ಹೇಳಬೇಕು. ಮೊದಲ ಐದು ದಿನ ಕೆಂಚಿ ಮಂಚದ ಕೆಳಗೇ ಇದ್ದಳು. ರಾತ್ರಿ ನಾವೆಲ್ಲಾ ಮಲಗಿದ ಮೇಲೆ ಬಂದು ಊಟ ಮಾಡುತ್ತಿದ್ದಳು. ಹಾಲ್‌ನಲ್ಲಿ ಎರಡು ಸಲ ಉಚ್ಚೆ ಮಾಡಿದಳು. ಆಶ್ರಯದವರು ಮೊದಲೇ ಹೇಳಿದ್ದರು: ಹೆದರಿಕೆ ಇಳಿಯಲು ಮೂರು ದಿನ, ಮನೆಯ ಕ್ರಮ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನಿಸಲು ಮೂರು ತಿಂಗಳು. ನಮ್ಮಲ್ಲಿ ಮೊದಲನೆಯದು ಸ್ವಲ್ಪ ತಡವಾಯಿತು, ಉಳಿದೆರಡು ಹಾಗೇ ನಡೆಯಿತು. ಪೊರಕೆಯ ಭಯ ಇನ್ನೂ ಹೋಗಿಲ್ಲ. ಕಸ ಗುಡಿಸುವ ಮೊದಲು "ಕೆಂಚೀ, ಅಂಗಳಕ್ಕೆ ಹೋಗು" ಅಂತ ಅತ್ತೆ ಈಗ ತಾವೇ ಹೇಳುತ್ತಾರೆ.

ದುಡ್ಡಿನ ಲೆಕ್ಕ

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಕೆಂಚಿ 16 ಕಿಲೋ. ಅನ್ನ, ಮೊಟ್ಟೆ, ಬೇಯಿಸಿದ ಕೋಳಿ, ಸ್ವಲ್ಪ ಅಂಗಡಿಯ ಒಣ ಆಹಾರ ಸೇರಿ ತಿಂಗಳಿಗೆ ಸುಮಾರು 2,200 ರೂಪಾಯಿ. ಲಸಿಕೆ, ಜಂತುಹುಳುವಿನ ಮಾತ್ರೆ, ಉಣ್ಣಿಯ ಔಷಧಿ ವರ್ಷಕ್ಕೆ 6,000ದ ಹತ್ತಿರ. ಎರಡನೇ ವರ್ಷ ಉಣ್ಣಿಯಿಂದ ಜ್ವರ ಬಂತು. ರಕ್ತ ಪರೀಕ್ಷೆ, ಡ್ರಿಪ್, ಔಷಧಿ ಅಂತ 4,800 ಆಯಿತು. ಲ್ಯಾಬ್ರಡಾರ್ ಸಾಕುವ ನನ್ನ ಸಹೋದ್ಯೋಗಿಯ ಮನೆಯಲ್ಲಿ ಊಟದ ಖರ್ಚೇ ಇದರ ಎರಡರಷ್ಟು. ಸರ್ಕಾರಿ ಪಶು ಆಸ್ಪತ್ರೆಗಳನ್ನು ಮರೆಯಬೇಡಿ, ಖರ್ಚು ಬಹಳ ಕಡಿಮೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

"ನಾವು ತಿನ್ನೋದನ್ನೇ ಹಾಕಿದರಾಯ್ತು, ಖರ್ಚೇನು?" ಅನ್ನುವವರಿದ್ದಾರೆ. ನಮ್ಮ ಹುಳಿ, ಸಾರು, ಪಲ್ಯದಲ್ಲಿ ಈರುಳ್ಳಿ ಇರುತ್ತದೆ. ಅದು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಪಾಯಸದ ದ್ರಾಕ್ಷಿ ಕಿಡ್ನಿಗೆ ವಿಷ. ಚಾಕ್ಲೇಟ್ ಬೇಡ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ. ಮಾಂಸ ಮಾಡದ ಮನೆಯವರು ನಾಯಿ ಸಾಕಬಹುದಾ ಅಂತ ಕೇಳುತ್ತಾರೆ. ಸಾಕಬಹುದು. ಬೆಕ್ಕಿನ ಹಾಗೆ ನಾಯಿಗೆ ಮಾಂಸವೇ ಆಗಬೇಕು ಅಂತಿಲ್ಲ. ಆದರೆ ಬರೀ ಮೊಸರನ್ನ ಸಾಲದು. ಏನೇನು ಸೇರಿಸಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಮಕ್ಕಳು, ಕಚ್ಚು, ಬಾಡಿಗೆ ಮನೆ

ಐದು ವರ್ಷದೊಳಗಿನ ಮಗು ಇದ್ದರೆ ಸ್ವಲ್ಪ ಕಾಯಿರಿ ಅನ್ನುತ್ತೇನೆ. ಬಾಲ ಎಳೆಯಬಾರದು, ಊಟ ಮಾಡುವಾಗ ಮುಟ್ಟಬಾರದು, ಮಲಗಿದ್ದನ್ನು ತಬ್ಬಬಾರದು ಅಂತ ಹೇಳಿದರೆ ಅದಕ್ಕೆ ನೆನಪಿರುವುದಿಲ್ಲ. ನಮ್ಮ ಮಗನಿಗೆ ಆಗ ಏಳು. ಆದರೂ ಅವನನ್ನೂ ಕೆಂಚಿಯನ್ನೂ ಮೊದಲ ಆರು ತಿಂಗಳು ಒಟ್ಟಿಗೆ ಒಂಟಿಯಾಗಿ ಬಿಡಲಿಲ್ಲ. ಮನೆಯ ನಾಯಿಯೇ ಪರಚಿದರೂ, ಕಚ್ಚಿದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೆ ಮೊದಲು ಲಸಿಕೆ ಹಾಕಿಸಿದರೆ ಪೂರ್ತಿ ತಡೆಯಬಹುದು.

ಬಾಡಿಗೆ ಮನೆಯಾದರೆ ಓನರ್ ಹತ್ತಿರ ಮೊದಲೇ ಕೇಳಿ, ಕರಾರಿನಲ್ಲಿ ಒಂದು ಸಾಲು ಬರೆಸಿ. ಅಪಾರ್ಟ್‌ಮೆಂಟಿನಲ್ಲಿ ಸಂಘದವರು ನಾಯಿ ಸಾಕಲೇಬಾರದು, ಲಿಫ್ಟ್ ಬಳಸಲೇಬಾರದು ಅಂತ ಹೇಳುವ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದೆ. ಆದರೆ ಲಿಫ್ಟ್‌ನಲ್ಲಿ ಹೆದರುವವರಿದ್ದರೆ ಅವರನ್ನು ಮೊದಲು ಹೋಗಲು ಬಿಡಿ, ಬಿದ್ದದ್ದನ್ನು ಎತ್ತಿ ಹಾಕಿ. ನಿಮ್ಮೂರ ಪಾಲಿಕೆಯಲ್ಲಿ ಲೈಸೆನ್ಸ್ ಬೇಕಾ ಅಂತ ವಿಚಾರಿಸಿ ಮಾಡಿಸಿಕೊಳ್ಳಿ. ಊರಿಗೆ ಹೋಗುವಾಗ ಯಾರ ಹತ್ತಿರ ಬಿಡುತ್ತೀರಿ? ರೈಲಿನಲ್ಲಿ ಜೊತೆಗೆ ಕರೆದೊಯ್ಯಬೇಕಾದರೆ ಫಸ್ಟ್ ಎಸಿಯ ಕೂಪೆ ಪೂರ್ತಿ ಬುಕ್ ಆಗಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು. ನಾವು ಯುಗಾದಿಗೆ ಈಗ ಸರದಿಯ ಮೇಲೆ ಹೋಗುತ್ತೇವೆ.

ಸದ್ಯಕ್ಕೆ ಬೇಡ ಅನ್ನುವುದೂ ಒಂದು ಆಯ್ಕೆ

ಮುಂದಿನ ಎರಡು ವರ್ಷದಲ್ಲಿ ವರ್ಗಾವಣೆ ಇದೆ, ವಿದೇಶಕ್ಕೆ ಹೋಗುವ ಮಾತಿದೆ, ಹೊಸ ಮಗು ಬರುತ್ತಿದೆ, ಮನೆಯಲ್ಲಿ ಒಬ್ಬರಿಗೆ ನಾಯಿ ಕಂಡರೆ ನಿಜವಾಗಿ ಭಯ. ಇವುಗಳಲ್ಲಿ ಒಂದಿದ್ದರೂ ಬೇಡ. ಬೇಡ ಅಂದ ಮಾತ್ರಕ್ಕೆ ಮಕ್ಕಳಿಗೆ ನಾಯಿಯ ಒಡನಾಟ ತಪ್ಪಬೇಕಿಲ್ಲ. ನಾಯಿ ಇಲ್ಲದ ಆ ವರ್ಷ ಮಗಳು ಎದುರು ಮನೆಯ ನಾಯಿಯನ್ನು ದಿನಾ ಸಂಜೆ ವಾಕಿಂಗ್ ಕರೆದುಕೊಂಡು ಹೋದಳು. ಮೂರು ತಿಂಗಳು ತಪ್ಪದೆ ಹೋದರೆ ನಾಯಿಯ ಮಾತಾಡೋಣ ಅಂದಿದ್ದೆ. ನಾಲ್ಕು ತಿಂಗಳು ಹೋದಳು, ಮಳೆಯಲ್ಲೂ. ಬೀದಿಯ ನಾಯಿಗಳಿಗೆ ಲಸಿಕೆ ಹಾಕಿಸುವವರ ಜೊತೆ ಒಂದು ಭಾನುವಾರ ಹೋಗಿ ಬನ್ನಿ, ಮಕ್ಕಳಿಗೆ ಬಹಳ ಅರ್ಥವಾಗುತ್ತದೆ. ಹಗಲೆಲ್ಲಾ ಮನೆ ಖಾಲಿ ಇರುವವರು ಬೆಕ್ಕಿನ ಬಗ್ಗೆಯೂ ಯೋಚಿಸಬಹುದು. ಅದಕ್ಕೆ ವಾಕಿಂಗ್ ಬೇಡ, ಒಂಟಿತನ ನಾಯಿಯಷ್ಟು ಕಾಡುವುದಿಲ್ಲ. ಕಿಟಕಿಗೆ ಜಾಲರಿ ಮಾತ್ರ ಹಾಕಿಸಿ.

ಹಾಗಾದರೆ ಯಾರಿಗೆ ಯಾವುದು? ತೋಟದ ಮನೆ, ಬೇಲಿ, ಓಡಿಸುವ ಜನ ಇದ್ದರೆ ಮುಧೋಳ. ಹಗಲಲ್ಲಿ ಗಟ್ಟಿಮುಟ್ಟಾದ ದೊಡ್ಡವರಿದ್ದು, ಆರು ತಿಂಗಳು ನಿದ್ದೆ ಬಿಡಲು ಸಿದ್ಧರಿದ್ದರೆ ಬೀದಿಯ ಹೆಣ್ಣು ಮರಿ. ಒಂದೇ ತಳಿಯ ಮೇಲೆ ಮನಸ್ಸಿದ್ದು, ಖರ್ಚಿಗೂ ನಡೆಸಲಿಕ್ಕೂ ಕೈಯಿದ್ದರೆ ನೋಂದಾಯಿಸಿದವರಿಂದ ಜಾತಿ ಮರಿ, ಆದರೆ ಯಾರಾದರೂ ಬಿಟ್ಟುಹೋದ ಅದೇ ತಳಿಯ ದೊಡ್ಡ ನಾಯಿ ಆಶ್ರಯದಲ್ಲಿ ಇದೆಯಾ ಅಂತ ಮೊದಲು ಕೇಳಿ, ಬಹಳ ಸಲ ಇರುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ, ಶಾಲೆಯ ಮಕ್ಕಳಿರುವ, ಹಿರಿಯರಿರುವ ನಮ್ಮಂಥ ಮನೆಗೆ ಬೆಳೆದ ಊರ ನಾಯಿ.

ತರುವ ಹೊತ್ತನ್ನೂ ನೋಡಿಕೊಳ್ಳಿ. ದೀಪಾವಳಿಯ ಹಿಂದುಮುಂದು ಬೇಡ. ಪಟಾಕಿ ಸದ್ದಿಗೆ ಬೆದರಿ ಹೊಸ ನಾಯಿಗಳು ಓಡಿಹೋಗುತ್ತವೆ, ದಾರಿ ಗೊತ್ತಿರುವುದಿಲ್ಲ. ಬೇಸಿಗೆ ರಜದ ಶುರುವಿನಲ್ಲಿ ತಂದರೆ ಎಲ್ಲರೂ ಮನೆಯಲ್ಲಿರುತ್ತೀರಿ, ಆದರೆ ಅದರಲ್ಲೂ ಒಂದು ತೊಂದರೆ ಇದೆ. ಎರಡು ತಿಂಗಳು ಮಕ್ಕಳ ಜೊತೆ ಇದ್ದ ನಾಯಿಗೆ ಜೂನ್ ತಿಂಗಳ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮನೆ ಖಾಲಿಯಾಗುತ್ತದೆ. ನಾವು ಏಪ್ರಿಲ್‌ನಲ್ಲಿ ಕೆಂಚಿಯನ್ನು ತಂದು, ಮೂರನೇ ವಾರದಿಂದಲೇ ದಿನಾ ಸ್ವಲ್ಪ ಹೊತ್ತು ಅವಳನ್ನು ಒಬ್ಬಳೇ ಬಿಟ್ಟು ಹೊರಗೆ ಹೋಗುತ್ತಿದ್ದೆವು. ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ಆಮೇಲೆ ಎರಡು ಗಂಟೆ. ಅತ್ತೆಯನ್ನೂ ಪಕ್ಕದ ಮನೆಗೆ ಕಳಿಸುತ್ತಿದ್ದೆವು. ಶಾಲೆ ಶುರುವಾದ ದಿನ ಮಕ್ಕಳು ಬ್ಯಾಗ್ ಹಾಕಿಕೊಂಡು ಹೊರಟಾಗ ಕೆಂಚಿ ಗೇಟಿನವರೆಗೆ ಬಂದಳು, ಸ್ವಲ್ಪ ಹೊತ್ತು ನಿಂತಳು, ವಾಪಸ್ ಹೋಗಿ ಜಗುಲಿಯಲ್ಲಿ ಅತ್ತೆ ಹೂ ಕಟ್ಟುತ್ತಿದ್ದ ಕಡೆ ಮಲಗಿದಳು.